ಧೈರ್ಯ ಐತಿ, ರೇಟು ಹೇಳ್ರಿ

ಕಳೆದ ತಿಂಗಳು ನಮ್ಮ ಸಂಘದ ಚರ್ಚಾಕೂಟದಲ್ಲಿ 'ಸ್ತ್ರೀ ಮತ್ತು ಸ್ವಾತಂತ್ರ್ಯ' ಎಂಬ ವಿಷಯವಿತ್ತು. ಮಿತ್ರರೊಬ್ಬರು ಮೇಜು ಕುಟ್ಟಿ ಹೇಳಿದರು: "ಹೆಣ್ಣು ತನ್ನ ಕಾಲ ಮೇಲೆ ನಿಂತು ನಾಲ್ಕು ಕಾಸು ದುಡಿದ ದಿನವೇ ಅವಳಿಗೆ ಸ್ವಾತಂತ್ರ್ಯ ಬಂದ ಹಾಗೆ." ಎಲ್ಲರೂ ಚಪ್ಪಾಳೆ ತಟ್ಟಿದರು, ನಾನೂ ತಟ್ಟಿದೆ. ಚರ್ಚೆ ಮುಗಿಯುವ ಮುನ್ನ ನಾನು ಎದ್ದು ಹೋದದ್ದನ್ನು ಕೆಲವರು ಗಮನಿಸಿರಬಹುದು. ಸಿಟ್ಟಿನಿಂದ ಎದ್ದದ್ದಲ್ಲ. ಅವ್ವ ಮಾಡಿಟ್ಟಿದ್ದ ಇನ್ನೂರು ಜೋಳದ ರೊಟ್ಟಿಗಳನ್ನು ಏಳು ಗಂಟೆಯೊಳಗೆ ಮಾಟುಂಗಾಕ್ಕೆ ಮುಟ್ಟಿಸಬೇಕಿತ್ತು. ಲೋಕಲ್ ಗಾಡಿಯಲ್ಲಿ ಚೀಲವನ್ನು ತೊಡೆಯ ಮೇಲಿಟ್ಟುಕೊಂಡು ಕೂತಾಗ ತಲೆಯಲ್ಲಿ ಒಂದೇ ಪ್ರಶ್ನೆ. ನಮ್ಮವ್ವ ಹನ್ನೊಂದು ವರ್ಷದಿಂದ ದುಡೀತಿದ್ದಾಳಲ್ಲ, ಹಾಗಾದರೆ ಆ ಸ್ವಾತಂತ್ರ್ಯ ಯಾವ ಸ್ಟೇಷನ್ನಿನಲ್ಲಿ ನಿಂತುಬಿಟ್ಟಿದೆ?

ಆ ದಿನ ಸಭೆಯಲ್ಲಿ ಹೇಳಲಾಗದ್ದನ್ನು ಇಲ್ಲಿ ಬರೆಯುತ್ತಿದ್ದೇನೆ. ಇದು ಕಥೆಯಲ್ಲ, ಕವನವಂತೂ ಅಲ್ಲವೇ ಅಲ್ಲ. ವಾಣಿಜ್ಯ ವಿದ್ಯಾರ್ಥಿಯೊಬ್ಬನ ಲೆಕ್ಕಪತ್ರ ಎಂದುಕೊಂಡು ಓದಿ.

ನಮ್ಮದು ವಿಜಾಪುರದ ಕಡೆಯ ಮನೆತನ, ಇರುವುದು ಸಾಯನ್ ಹತ್ತಿರದ ಒಂದು ಚಾಳಿನಲ್ಲಿ. ಅಪ್ಪನ ನೌಕರಿ ಹೋದ ವರ್ಷ ಅವ್ವ ರೊಟ್ಟಿ ಬಡಿದು ಮಾರಲು ಶುರುಮಾಡಿದಳು. ಆಮೇಲೆ ಶೇಂಗಾ ಚಟ್ನಿ ಬಂತು, ಗುರೆಳ್ಳು ಚಟ್ನಿ ಬಂತು, ಹಬ್ಬದಲ್ಲಿ ಶೇಂಗಾ ಹೋಳಿಗೆ. ನನ್ನ ಶಾಲೆಯ ಬೂಟು, ಕಾಲೇಜಿನ ಫೀ, ಈ ಸಂಘದ ವರ್ಗಣಿ ಸಹ ಆ ಹಂಚಿನ ಮೇಲಿಂದಲೇ ಬಂದದ್ದು.

ಈಗ ನನ್ನ ತಪ್ಪೊಪ್ಪಿಗೆ. ಕಳೆದ ವರ್ಷ ಪರೀಕ್ಷೆಯಲ್ಲಿ ಕಾಸ್ಟಿಂಗ್ ವಿಷಯದಲ್ಲಿ ನನಗೆ 100ಕ್ಕೆ 71 ಬಂತು. ಯಾವುದೋ ಕಲ್ಪನೆಯ ಕಾರ್ಖಾನೆ ತಯಾರಿಸುವ ಯಾವುದೋ ಕಲ್ಪನೆಯ ಸಾಮಾನಿಗೆ ಎಷ್ಟು ಅಸಲು ಬಿತ್ತು ಎಂದು ಪೈಸೆ ಸಮೇತ ಬರೆದು ಬಂದೆ. ಅದೇ ತಿಂಗಳು ಅವ್ವ, "ಎಂಟ್ ಸಾವಿರದ ಆರ್ಡರ್ ಬಂದೈತಿ ನೋಡಪಾ" ಎಂದು ಹಿಗ್ಗಿನಿಂದ ಹೇಳಿದಳು. ನಾನೂ ಹಿಗ್ಗಿದೆ. ಲೆಕ್ಕ ಹಾಕಬೇಕು ಎಂದು ಇಬ್ಬರಿಗೂ ಹೊಳೆಯಲಿಲ್ಲ.

ಮದುವೆಯ ಅಡುಗೆ ಗುತ್ತಿಗೆ ಹಿಡಿದ ಒಬ್ಬ ಕೇಟರಿಂಗ್‌ನವನದು ಆ ಆರ್ಡರು. ಒಂದು ಸಾವಿರ ರೊಟ್ಟಿ, ರೊಟ್ಟಿಗೆ 8 ರೂಪಾಯಿ. ಮಾಮೂಲಿ ದರ 10. "ಆಚೆ ಓಣಿಯಾಕಿ ಏಳೂವರೆಗೆ ಕೊಡ್ತೀನಿ ಅಂದಾಳ, ನಿಮ್ಮ ಮುಖ ನೋಡಿ ಎಂಟು" ಎಂದು ಆತ ಇಳಿಸಿದ. ಪರೀಕ್ಷೆ ಮುಗಿದ ಮೇಲೆ ಒಂದು ರಾತ್ರಿ ನಾನು ಹಳೆಯ ನೋಟುಬುಕ್ಕಿನ ಹಿಂದಿನ ಹಾಳೆಯಲ್ಲಿ ಬರೆದ ಲೆಕ್ಕ ಹೀಗಿದೆ. ಒಂದು ಕಿಲೋ ಹಿಟ್ಟಿಗೆ 18 ರೊಟ್ಟಿ ಹಿಡಿದರೆ ಬೇಕಾದದ್ದು 56 ಕಿಲೋ. ಜೋಳ ಕಿಲೋಗೆ 55ರಂತೆ 3,080. ಗಿರಣಿಗೆ ಕಿಲೋಗೆ 7ರಂತೆ 392. ಗ್ಯಾಸಿಗೆ 1,700. ಕೈಕೆಲಸಕ್ಕೆ ಬಂದ ಇಬ್ಬರು ಹೆಂಗಸರಿಗೆ ಎರಡು ದಿನಕ್ಕೆ, ದಿನಕ್ಕೆ 400ರಂತೆ, 1,600. ಕಾಗದ, ಚೀಲಕ್ಕೆ 300. ಟೆಂಪೋಕ್ಕೆ 600. ಒಟ್ಟು 7,672. ಬಂದದ್ದು 8,000. ಉಳಿದದ್ದು 328 ರೂಪಾಯಿ.

ಅಷ್ಟಾದರೂ ಉಳಿಯಿತಲ್ಲ ಎನ್ನಬೇಡಿ. ಜೋಳ ತರಲು ಅವ್ವ 5,000 ಕೈಗಡ ತಂದಿದ್ದಳು, ತಿಂಗಳಿಗೆ ನೂರಕ್ಕೆ ಐದು ಬಡ್ಡಿ. ಕೇಟರಿಂಗ್‌ನವನು ಎರಡು ತಿಂಗಳು ಉದ್ರಿ ಇಟ್ಟು ರೊಕ್ಕ ಕೊಟ್ಟ. ಬಡ್ಡಿ 500. ಅಲ್ಲಿಗೆ 172 ಲುಕ್ಸಾನು. ಇನ್ನು ಅವ್ವನ ಎರಡು ದಿನದ ದುಡಿಮೆಗೆ ಕೂಲಿಯವರಿಗೆ ಕೊಟ್ಟಷ್ಟೇ ಹಿಡಿದರೂ 800. ಅಂದರೆ ಹೊಗೆಯಲ್ಲಿ ಕಣ್ಣು ಕೆಂಪು ಮಾಡಿಕೊಂಡು, ಸೊಂಟ ಹಿಡಿಸಿಕೊಂಡು, ನಮ್ಮವ್ವ ಆ ಅಪರಿಚಿತರ ಮದುವೆಗೆ 972 ರೂಪಾಯಿ ಮುಯ್ಯಿ ಮಾಡಿ ಬಂದ ಹಾಗಾಯಿತು.

ಹಾಳೆಯನ್ನು ಓದಿ ಹೇಳಿದಾಗ ಆಕೆ ಬಹಳ ಹೊತ್ತು ಸುಮ್ಮನಿದ್ದಳು. ಆಮೇಲೆ, "ನೀ ಕಾಮರ್ಸ್ ಓದಾಂವ ಅಲ್ಲೇನು? ಮೊದಲ ಯಾಕ ಹೇಳಲಿಲ್ಲ?" ಎಂದಳು. ನನ್ನಲ್ಲಿ ಉತ್ತರವಿರಲಿಲ್ಲ. ಈ ಲೇಖನ ಆ ಪ್ರಶ್ನೆಗೆ ತಡವಾಗಿ ಕೊಡುತ್ತಿರುವ ಉತ್ತರ.

ಕಥೆ ಅಲ್ಲಿಗೆ ಮುಗಿಯಲಿಲ್ಲ. ಸಂಕ್ರಾಂತಿಯ ಅರಿಶಿನ-ಕುಂಕುಮಕ್ಕೆ ಹೋದಾಗ ಅವ್ವನಿಗೆ ಆಚೆ ಓಣಿಯ ಮಾವಶಿ ಸಿಕ್ಕಳು. ಸೊಲ್ಲಾಪುರದ ಕಡೆಯವಳು, ಅವಳದೂ ರೊಟ್ಟಿಯ ದಂಧೆಯೇ. ಒಬ್ಬರ ಮುಖ ಒಬ್ಬರು ನೋಡದೆ ವರ್ಷಗಳಾಗಿದ್ದವು. ಅವಳು ದರ ಮುರೀತಾಳೆ ಎಂದು ಇವಳಿಗೆ ಸಿಟ್ಟು, ಇವಳು ಮುರೀತಾಳೆ ಎಂದು ಅವಳಿಗೆ. ಮಾತಿಗೆ ಮಾತು ಬೆಳೆದು ಕೊನೆಗೆ ಗೊತ್ತಾದದ್ದೇನೆಂದರೆ ಆಕೆ ಏಳೂವರೆ ಎಂದು ಯಾವತ್ತೂ ಹೇಳಿಯೇ ಇರಲಿಲ್ಲ. ಅಲ್ಲಿ ಅವನು "ಈಚೆ ಓಣಿಯಾಕಿ ಏಳಕ್ಕೆ ಕೊಡ್ತಾಳ" ಎಂದು ಹೇಳಿಕೊಂಡು ತಿರುಗುತ್ತಿದ್ದನಂತೆ! ಎರಡು ಓಣಿಯ ನಡುವೆ ನೂರು ಹೆಜ್ಜೆಯೂ ಇಲ್ಲ. ಆ ನೂರು ಹೆಜ್ಜೆ ನಡೆಯದೇ ಇದ್ದುದರಿಂದ ಇಬ್ಬರಿಗೂ ಆದ ಲುಕ್ಸಾನು ಎಷ್ಟೋ.

ಅಂದಿನಿಂದ ಒಬ್ಬರನ್ನೊಬ್ಬರು ಕೇಳದೆ ಹತ್ತಕ್ಕಿಂತ ಕಡಿಮೆ ಹೇಳುವುದಿಲ್ಲ ಎಂದು ಮಾತಾಯಿತು. ಕೇಟರಿಂಗ್‌ನವನು ಸಿಟ್ಟಾಗಿ ಒಂದು ತಿಂಗಳು ಇಬ್ಬರ ಕಡೆಗೂ ಬರಲಿಲ್ಲ. ಆ ತಿಂಗಳು ನಮ್ಮ ಮನೆಯಲ್ಲಿ ತಾಪತ್ರಯವೇ ಆಯಿತು, ಅದನ್ನು ಮುಚ್ಚಿಡುವುದಿಲ್ಲ. ಆಮೇಲೆ ಬಂದ, ಒಂಬತ್ತೂವರೆಗೆ ಒಪ್ಪಿದ. ಅರ್ಧ ರೊಕ್ಕ ಮುಂಗಡ ಕೊಡಬೇಕೆಂದು ಮಾವಶಿಯೇ ಶರತ್ತು ಹಾಕಿಸಿದಳು.

ಅರ್ಥಶಾಸ್ತ್ರದ ಪುಸ್ತಕ ತೆಗೆದರೆ ಮಾರುವವರು ಒಟ್ಟುಗೂಡಿ ದರ ಕಟ್ಟುವುದು ಒಳ್ಳೆಯದಲ್ಲ ಎಂದಿದೆ. ನಮ್ಮ ಪ್ರಾಧ್ಯಾಪಕರು ಇದನ್ನು ಓದಿದರೆ ಹುಬ್ಬು ಗಂಟಿಕ್ಕಿಯಾರು. ಆದರೆ ಒಂದು ಸಾವಿರ ರೊಟ್ಟಿ ಕೊಳ್ಳುವವನಿಗೆ ಹತ್ತು ಓಣಿಯ ದರ ಗೊತ್ತು, ರೊಟ್ಟಿ ಬಡಿಯುವವಳಿಗೆ ತನ್ನ ಒಲೆಯ ಲೆಕ್ಕವೂ ಗೊತ್ತಿಲ್ಲ. ಇದನ್ನು ಮುಕ್ತ ಸ್ಪರ್ಧೆ ಎನ್ನುವುದಾದರೆ ಕಣ್ಣು ಕಟ್ಟಿ ಕುಸ್ತಿಗೆ ಬಿಟ್ಟವನನ್ನೂ ಪೈಲ್ವಾನ ಎನ್ನಬೇಕಾದೀತು.

ನನ್ನ ಅಭಿಪ್ರಾಯ ಇಷ್ಟೇ: ಸಣ್ಣ ದಂಧೆ ಮಾಡುವ ಹೆಂಗಸರಿಗೆ ಕೊರತೆಯಿರುವುದು ಧೈರ್ಯದ್ದಲ್ಲ, ಎಷ್ಟೋ ಸಲ ಬಂಡವಾಳದ್ದೂ ಅಲ್ಲ. ಕೊರತೆಯಿರುವುದು ಕೇಳಲಿಕ್ಕೆ ಒಬ್ಬರದು. ಗಂಡಸು ಅಂಗಡಿ ಇಟ್ಟರೆ ಚಹಾದ ಗಾಡಿಯ ಹತ್ತಿರ ನಿಂತು ಹತ್ತು ಜನರನ್ನು ಕೇಳುತ್ತಾನೆ. ಯಾವ ವ್ಯಾಪಾರಿ ಉದ್ರಿ ಮುಳುಗಿಸುತ್ತಾನೆ, ಎಲ್ಲಿ ಜೋಳ ಅಗ್ಗ, ಯಾವ ಸಾಹೇಬನಿಗೆ ಅರ್ಜಿ ಕೊಡಬೇಕು ಎಲ್ಲವೂ ಅಲ್ಲಿ ಪುಕ್ಕಟೆ ಸಿಗುತ್ತದೆ. ಹೆಂಗಸಿಗೆ ಆ ಚಹಾದ ಗಾಡಿಯಿಲ್ಲ. ಅವಳ ದಂಧೆ ಅಡುಗೆಮನೆಯಲ್ಲಿ ಹುಟ್ಟಿ ಅಲ್ಲೇ ಮುಗಿಯುತ್ತದೆ.

ಎರಡು ವರ್ಷದ ಹಿಂದೆ ಮಾರ್ಚ್ 8ರಂದು ಒಂದು ಮಹಿಳಾ ದಿನದ ಸಮಾರಂಭಕ್ಕೆ ಅವ್ವನನ್ನು ಕರೆದಿದ್ದರು. ಎಲ್ಲಿ, ಯಾರು ಎಂಬುದು ಬೇಡ. ವೇದಿಕೆಯ ಮೇಲೆ ದೊಡ್ಡ ಕಂಪನಿ ನಡೆಸುವ ಬಾಯಿಯೊಬ್ಬರು ಮುಕ್ಕಾಲು ಗಂಟೆ 'ಮಾರ್ಗದರ್ಶನ' ಮಾಡಿದರು. ಕನಸು ಕಾಣಿರಿ, ಧೈರ್ಯವಾಗಿರಿ, ನಿಮ್ಮಲ್ಲಿ ಶಕ್ತಿ ಇದೆ. ಅವ್ವ ಒಂದು ಪೆನ್ನು, ಒಂದು ಸಮೋಸಾ ತೆಗೆದುಕೊಂಡು ಮನೆಗೆ ಬಂದಳು. ಹೇಗಿತ್ತು ಎಂದು ಕೇಳಿದೆ. "ಧೈರ್ಯ ನನ್ನ ಕಡೆ ಮೊದಲ ಐತಿ. ಧೈರ್ಯ ಇಲ್ಲದ ಈ ಊರಾಗ ಇಷ್ಟ್ ವರ್ಷ ಬದುಕೇನೇನು? ರೇಟ್ ಎಷ್ಟ್ ಹಾಕಬೇಕಂತ ಒಬ್ಬರರ ಹೇಳಿದ್ರೇನು?"

ಮಾರ್ಗದರ್ಶನ ಎಂದರೇನು ಎಂಬುದಕ್ಕೆ ಇದಕ್ಕಿಂತ ಒಳ್ಳೆಯ ವ್ಯಾಖ್ಯೆ ನನಗೆ ಪುಸ್ತಕದಲ್ಲಿ ಸಿಕ್ಕಿಲ್ಲ.

ಇದೇ ಮುಂಬಯಿಯಲ್ಲಿ ಇದನ್ನು ಸರಿಯಾಗಿ ಮಾಡಿ ತೋರಿಸಿದವರಿದ್ದಾರೆ. 1959ರ ಮಾರ್ಚ್ 15ರಂದು ಗಿರಗಾಂವದ ಒಂದು ಕಟ್ಟಡದ ಮಾಳಿಗೆಯ ಮೇಲೆ ಏಳು ಜನ ಗುಜರಾತಿ ಹೆಂಗಸರು 80 ರೂಪಾಯಿ ಸಾಲ ತಂದು ಹಪ್ಪಳ ಲಟ್ಟಿಸಲು ಕೂತರು. ಮೊದಲ ದಿನ ಆದದ್ದು ನಾಲ್ಕು ಪೊಟ್ಟಣ. ಅದೇ ಇವತ್ತಿನ ಲಿಜ್ಜತ್. ಸಾಲ ಕೊಟ್ಟ ಛಗನ್‌ಲಾಲ್ ಪಾರೇಖ್ ಅವರು ಭಾಷಣ ಬಿಗಿಯಲಿಲ್ಲ. ಆ ಹೆಂಗಸರು ಶುರುವಿನಲ್ಲಿ ಒಂದು ಒಳ್ಳೆಯ ಹಪ್ಪಳ, ಒಂದು ಅಗ್ಗದ ಹಪ್ಪಳ ಎಂದು ಎರಡು ತರಹ ಮಾಡುತ್ತಿದ್ದರು. ಒಂದೇ ಗುಣಮಟ್ಟ ಇರಲಿ, ಅದನ್ನು ಕೆಡಿಸಬೇಡಿ, ಲೆಕ್ಕ ಸರಿಯಾಗಿ ಇಡಿ, ಇದನ್ನು ಧರ್ಮಕಾರ್ಯ ಅಂದುಕೊಳ್ಳದೆ ವ್ಯಾಪಾರವಾಗಿ ನಡೆಸಿ ಎಂದು ಅವರು ಕೊಟ್ಟದ್ದು ಇಂಥ ಸಲಹೆಗಳನ್ನು. 80 ರೂಪಾಯಿಯನ್ನು ಯಾರಾದರೂ ಕೊಟ್ಟಾರು. ಆ ನಾಲ್ಕು ಮಾತು ಹೇಳುವವರು ಅಪರೂಪ.

ಇನ್ನೊಂದು ನಮಗೆ ಇನ್ನೂ ಹತ್ತಿರದ್ದು. ಗಿರಣಿ ಕಾರ್ಮಿಕರಿಗೆ ಮನೆಯಲ್ಲೇ ಊಟ ಹಾಕುತ್ತಿದ್ದ ಖಾನಾವಳಿಯ ಹೆಂಗಸರು. ಕಾರ್ಮಿಕರು ತಿಂಗಳ ಕೊನೆಗೆ ರೊಕ್ಕ ಕೊಡುವವರು, ಅಲ್ಲಿಯತನಕ ದಿನಸಿಗೆ ಸಾಹುಕಾರನ ಬಡ್ಡಿ. ಮುಷ್ಕರ ಬಂತೆಂದರೆ ಉಣ್ಣುವವರ ಉದ್ರಿ, ಬಡಿಸುವವಳ ಸಾಲ. 1975ರಲ್ಲಿ ಪ್ರೇಮಾ ಪುರಾವ್ ಅವರು ಈ ಹೆಂಗಸರನ್ನು ಗುಂಪು ಕೂಡಿಸಿ ಅನ್ನಪೂರ್ಣಾ ಮಹಿಳಾ ಮಂಡಳ ಕಟ್ಟಿದರು. ಒಬ್ಬಳಿಗೆ ಇನ್ನೊಬ್ಬಳೇ ಜಾಮೀನು. 1969ರಲ್ಲಿ ರಾಷ್ಟ್ರೀಕರಣವಾಗಿದ್ದ ಬ್ಯಾಂಕುಗಳ ಬಾಗಿಲು ಹೀಗೆ ಅವರಿಗೆ ತೆರೆಯಿತು. ಅಹಮದಾಬಾದಿನಲ್ಲಿ 1972ರಲ್ಲಿ ಇಳಾ ಭಟ್ಟರು 'ಸೇವಾ' ಕಟ್ಟಿದರು. ಎರಡು ವರ್ಷದ ಮೇಲೆ, 1974ರಲ್ಲಿ, ಸುಮಾರು 4,000 ಹೆಂಗಸರು ತಲಾ 10 ರೂಪಾಯಿ ಹಾಕಿ ತಮ್ಮದೇ ಬ್ಯಾಂಕು ತೆರೆದರು.

ಸಾತಾರಾ ಜಿಲ್ಲೆಯ ಮ್ಹಸವಡದ ಸಂಗತಿ ನನಗೆ ಎಲ್ಲಕ್ಕಿಂತ ಇಷ್ಟ. ಚೇತನಾ ಸಿನ್ಹಾ ಅವರು ಅಲ್ಲಿನ ಹಳ್ಳಿಯ ಹೆಂಗಸರ ಜೊತೆ ಬ್ಯಾಂಕು ತೆರೆಯಲು ಅರ್ಜಿ ಹಾಕಿದಾಗ ರಿಸರ್ವ್ ಬ್ಯಾಂಕು ಮೊದಲು ಒಪ್ಪಲಿಲ್ಲ, ಸದಸ್ಯೆಯರಿಗೆ ಓದುಬರಹ ಬಾರದು ಎಂಬ ಕಾರಣಕ್ಕೆ. ಆ ಹೆಂಗಸರು ಓದಲು ಕಲಿತು ತಾವೇ ಅಧಿಕಾರಿಗಳ ಮುಂದೆ ನಿಂತರು. ಯಾವ ಅಸಲಿಗಾದರೂ ಬಡ್ಡಿ ಕೇಳಿರಿ, ಯಂತ್ರವಿಲ್ಲದೆ ಯಾರು ಮೊದಲು ಹೇಳುತ್ತಾರೆ ನೋಡೋಣ ಎಂದರಂತೆ. 1997ರಲ್ಲಿ ಮಾಣದೇಶಿ ಮಹಿಳಾ ಸಹಕಾರಿ ಬ್ಯಾಂಕು ಶುರುವಾಯಿತು. ಆ ಹೆಂಗಸರಿಗೆ ಲೆಕ್ಕ ಮೊದಲೇ ಬರುತ್ತಿತ್ತು. ನಮ್ಮಂಥವರು ಕೇಳುತ್ತಿರಲಿಲ್ಲ, ಅಷ್ಟೇ.

ನಮ್ಮ ರಾಜ್ಯ ಹಿಂದೆ ಬಿದ್ದಿಲ್ಲ. ಬೆಂಗಳೂರಿನಲ್ಲಿ 1983ರಲ್ಲಿ ಮಹಿಳಾ ಉದ್ಯಮಿಗಳೇ ಸೇರಿ 'ಅವೇಕ್' ಎಂಬ ಸಂಸ್ಥೆ ಮಾಡಿಕೊಂಡರು. ದಂಧೆ ಮಾಡಿ ಗೊತ್ತಿದ್ದವಳೇ ಹೊಸಬಳಿಗೆ ಹೇಳಿಕೊಡುವುದು ಅಲ್ಲಿನ ರೀತಿ. 2000ದಲ್ಲಿ ಸರ್ಕಾರದ ಸ್ತ್ರೀಶಕ್ತಿ ಯೋಜನೆ ಬಂತು. ಊರಲ್ಲಿ ನಮ್ಮ ಚಿಕ್ಕವ್ವ ಅಂಥ ಒಂದು ಗುಂಪಿನಲ್ಲಿದ್ದಾಳೆ. ವಾರಕ್ಕೊಮ್ಮೆ ಕೂಡುತ್ತಾರೆ, ಉಳಿತಾಯ ಬರೆಯುತ್ತಾರೆ, ಜಗಳವನ್ನೂ ಆಡುತ್ತಾರೆ.

ಆದರೆ ಅವ್ವ ಇರುವುದು ಊರಲ್ಲಲ್ಲ, ಮುಂಬಯಿಯಲ್ಲಿ. ಊರಿನ ಗುಂಪಿಗೆ ಆಕೆ 'ಮುಂಬಯಿಯಾಕಿ'. ಇಲ್ಲಿಯ ಬಚತ್ ಗಟದಲ್ಲಿ ಕೂತರೆ ಮರಾಠಿ ಮಾತು ತಿಳಿಯುತ್ತದೆ, ಆದರೆ ಕಾಗದ ಓದಲು ಆಗುವುದಿಲ್ಲ. ನಾಲ್ಕನೆಯ ಇಯತ್ತೆಯ ತನಕ ಕಲಿತ ಕನ್ನಡ ಒಂದೇ ಆಕೆಯ ಅಕ್ಷರ. ಬ್ಯಾಂಕಿನ ಅರ್ಜಿ ಇಂಗ್ಲಿಷು, ಹಿಂದಿ, ಮರಾಠಿಯಲ್ಲಿ. ಈ ಮೂರರ ನಡುವೆ ಆಕೆ ನಿರಕ್ಷರಿಯಾಗಿ ನಿಲ್ಲುತ್ತಾಳೆ. ಮನೆಗೆ ಬಂದು ಕನ್ನಡ ಪತ್ರಿಕೆಯ ಧಾರಾವಾಹಿಯನ್ನು ಮಾತ್ರ ಒಂದಕ್ಷರ ಬಿಡದೆ ಓದುತ್ತಾಳೆ!

ಇದರ ಬೆಲೆ ಏನು ಗೊತ್ತೇ? ಸಣ್ಣ ಉದ್ಯಮಗಳ 'ಉದ್ಯಮ' ನೋಂದಣಿ 2020ರ ಜುಲೈ 1ರಿಂದ ಜಾರಿಯಲ್ಲಿದೆ. ಅದಕ್ಕೆ ಸರ್ಕಾರಕ್ಕೆ ಒಂದು ಪೈಸೆ ಕೊಡಬೇಕಿಲ್ಲ. ನಮ್ಮವ್ವ ಒಬ್ಬ ಏಜೆಂಟನಿಗೆ ಕೊಟ್ಟದ್ದು 2,500. 2015ರಲ್ಲಿ ಮುದ್ರಾ ಯೋಜನೆ ಬಂತು, 'ಶಿಶು' ಎಂಬ ವರ್ಗದಲ್ಲಿ 50,000ದ ತನಕ ಒತ್ತೆಯಿಲ್ಲದ ಸಾಲ ಎಂದು. ಆಕೆಗೆ ಅದು ತಿಳಿದದ್ದು ನೂರಕ್ಕೆ ಐದರ ಬಡ್ಡಿ ಎಷ್ಟೋ ವರ್ಷ ಕಟ್ಟಿದ ಮೇಲೆ. ತಿಂಗಳಿಗೆ ನೂರಕ್ಕೆ ಐದೆಂದರೆ ವರ್ಷಕ್ಕೆ ಅರವತ್ತು. ಇನ್ನು, ದರ ಕಟ್ಟಲು ಬಾರದಿದ್ದರೆ ಅಗ್ಗದ ಸಾಲದಿಂದಲೂ ಉಪಯೋಗವಿಲ್ಲ. 8 ರೂಪಾಯಿಯ ರೊಟ್ಟಿ ಮಾರಲು 50,000 ಸಾಲ ತಂದರೆ ಲುಕ್ಸಾನು ದೊಡ್ಡದಾಗುತ್ತದೆ, ಅಷ್ಟೇ. ಆದ್ದರಿಂದ ಮೊದಲು ಲೆಕ್ಕ, ಆಮೇಲೆ ಸಾಲ.

ಈಗ ನೀವು ಕೇಳಬಹುದು: ನಮ್ಮದು ಸಾಹಿತ್ಯ ಸಂಘ, ರೊಟ್ಟಿ-ಹಪ್ಪಳಕ್ಕೂ ನಮಗೂ ಏನು ಸಂಬಂಧ? ಕೇಳಬೇಕಾದ ಪ್ರಶ್ನೆಯೇ. ನನ್ನ ಉತ್ತರ ಎರಡು.

ಒಂದು: ಈ ಊರಿನ ಕನ್ನಡಿಗರ ಹೆಮ್ಮೆಯೆಂದರೆ ರಾತ್ರಿಶಾಲೆಗಳು. ಹಗಲು ಹೋಟೆಲಿನಲ್ಲಿ ಕಪ್ಪು-ಬಸಿ ತೊಳೆದು ರಾತ್ರಿ ಓದಿ ಮೇಲೆ ಬಂದವರ ಕಥೆ ಪ್ರತಿ ವಾರ್ಷಿಕೋತ್ಸವದಲ್ಲೂ ಕೇಳುತ್ತೇವೆ. ನಾನೂ ಗೌರವದಿಂದಲೇ ಕೇಳುತ್ತೇನೆ. ಆದರೆ ಆ ಬೆಂಚುಗಳ ಮೇಲೆ ಕೂತವರು ಹೆಚ್ಚಾಗಿ ಗಂಡುಹುಡುಗರು. ಅವರ ತಾಯಂದಿರಿಗೆ, ಅಕ್ಕಂದಿರಿಗೆ ಯಾರು ದೀಪ ಹಚ್ಚಿದರು? ಆ ಬಾಕಿ ನಮ್ಮ ಖಾತೆಯಲ್ಲಿ ಇನ್ನೂ ಇದೆ.

ಎರಡು: ಇದು ಭಾಷೆಯ ಪ್ರಶ್ನೆಯೇ. ನಾನು ಓದಿದ್ದು ಪಾಲಿಕೆಯ ಕನ್ನಡ ಶಾಲೆಯಲ್ಲಿ. ಕಾಲೇಜಿಗೆ ಬಂದಾಗ ಇಂಗ್ಲಿಷು ಅರ್ಥವಾಗದೆ ಹಿಂದಿನ ಬೆಂಚಿನಲ್ಲಿ ತಲೆ ತಗ್ಗಿಸಿ ಕೂತವನು. ಅಸಲು, ಬಡ್ಡಿ, ಜಮಾ, ಖರ್ಚು, ಬಾಕಿ ಎಂಬ ಶಾಲೆಯ ಮಾತುಗಳನ್ನು ಮರೆತರೇ ಮುಂದೆ ಬಂದೇನು ಎಂದುಕೊಂಡಿದ್ದೆ. ಆ ರಾತ್ರಿ ಅವ್ವನಿಗೆ ಲೆಕ್ಕ ಹೇಳುವಾಗ ಕಾಲೇಜಿನ ಒಂದು ಶಬ್ದವೂ ಕೆಲಸಕ್ಕೆ ಬರಲಿಲ್ಲ, ಆ ಹಳೆಯ ಮಾತುಗಳೇ ಬಂದವು. ಕನ್ನಡ ಉಳಿಯಬೇಕು ಎಂದು ನವೆಂಬರ್ ಒಂದಕ್ಕೆ ಕೂಗುತ್ತೇವಲ್ಲ, ಅದು ಉಳಿಯುವ ಒಂದು ಜಾಗ ಇದು ಕೂಡ. ಲೆಕ್ಕ ಹಾಕಲು ಬಾರದ ಭಾಷೆ ಹಾಡಿಗೆ ಮಾತ್ರ ಉಳಿದೀತು.

ಹಾಗಾದರೆ ಏನು ಮಾಡೋಣ? ದೊಡ್ಡ ಯೋಜನೆ ಬೇಡ. ಉದ್ಘಾಟನೆ, ಹಾರ, ತುರಾಯಿ ಮೊದಲೇ ಬೇಡ. ತಿಂಗಳಿಗೊಂದು ಭಾನುವಾರ ಮಧ್ಯಾಹ್ನ ಮೂರರಿಂದ ಐದು, ಅಡುಗೆ ಮುಗಿದ ಹೊತ್ತು. ಸಂಘದ ಕೋಣೆ ಹೇಗೂ ಖಾಲಿ ಇರುತ್ತದೆ. ರೊಟ್ಟಿ, ಹಪ್ಪಳ, ಹೊಲಿಗೆ, ಹೂವು, ಡಬ್ಬಿ ಯಾವ ದಂಧೆಯವರಾದರೂ ಬರಲಿ. ನಾವು ವಾಣಿಜ್ಯದವರು ನಾಲ್ಕು ಜನ ಕೂತು ಒಂದೇ ಹಾಳೆಯ ಕನ್ನಡ ನಮೂನೆಯಲ್ಲಿ ಅವರ ಅಸಲು ಬರೆದುಕೊಡೋಣ. ಸಾಮಾನು, ಗ್ಯಾಸು, ಬಾಡಿಗೆ, ಬಡ್ಡಿ, ಮರೆಯದೇ ಅವರದೇ ಕೂಲಿ. ಕಲಾ ವಿಭಾಗದವರು ಬ್ಯಾಂಕಿನ ಅರ್ಜಿಗಳನ್ನು ಓದಿ ಕನ್ನಡದಲ್ಲಿ ಹೇಳಲಿ. ಕವನ ಅನುವಾದ ಮಾಡುವವರಿಗೆ ಇದು ಕಷ್ಟವಾಗಲಾರದು.

ಆದರೆ ಒಂದು ಎಚ್ಚರಿಕೆ. ಮಾರ್ಗದರ್ಶಕರು ನಾವಲ್ಲ. ಇಪ್ಪತ್ತು ವರ್ಷದ ನಾನು ಹನ್ನೊಂದು ವರ್ಷ ರೊಟ್ಟಿ ಮಾರಿದವಳಿಗೆ ದಂಧೆ ಕಲಿಸುತ್ತೇನೆ ಎಂದರೆ ಹಂಚೂ ನಕ್ಕೀತು. ಮುಂಗಡ ಕೇಳಬೇಕೆಂದು ಹೇಳಿಕೊಟ್ಟವಳು ಮಾವಶಿ, ನಾನಲ್ಲ. ಹೊಸಬಳಿಗೆ ಹಳಬಳನ್ನು ಜೋಡಿ ಮಾಡುವುದು, ಕೂಡಲು ಜಾಗ ಕೊಡುವುದು, ಹೇಳಿದ್ದನ್ನು ಬರೆದುಕೊಳ್ಳುವುದು, ಇಷ್ಟೇ ನಮ್ಮ ಕೆಲಸ. ಯಾರು ಉದ್ರಿ ಮುಳುಗಿಸುತ್ತಾರೆ ಎಂಬ ವಹಿ ಅವರ ಕೈಯಲ್ಲೇ ಇರಲಿ. ರೊಕ್ಕವನ್ನು ನಾವು ಮುಟ್ಟಕೂಡದು. ಅವರ ಭಿಶಿ ಮೊದಲೇ ಇದೆ. ಹತ್ತು ಜನ ತಿಂಗಳಿಗೆ ಸಾವಿರ ಹಾಕಿ ಒಬ್ಬೊಬ್ಬರಾಗಿ ಹತ್ತು ಸಾವಿರ ಎತ್ತುತ್ತಾರೆ, ಕಾಗದವಿಲ್ಲ, ಸಹಿಯಿಲ್ಲ. ಅಷ್ಟು ನಂಬಿಕೆ ಇರುವಲ್ಲಿ ದರದ ಮಾತೊಂದನ್ನು ಸೇರಿಸಿದರೆ ಸಾಕು.

ನಾವು ಪದವಿ ಮುಗಿಸಿ ಹೋದ ಮೇಲೆ ಇದು ನಿಂತುಹೋದೀತು ಎಂದು ಗೆಳೆಯನೊಬ್ಬ ಹೇಳಿದ. ನಿಜ, ನಿಲ್ಲಬಹುದು. ಆದರೆ ಅಷ್ಟರೊಳಗೆ ಹತ್ತು ಜನ ಹೆಂಗಸರು ತಮ್ಮ ತಮ್ಮೊಳಗೆ ಮಾತಾಡುವುದನ್ನು ಕಲಿತಿದ್ದರೆ ನಮ್ಮ ಅಗತ್ಯವೇ ಇರುವುದಿಲ್ಲ. ಅದೇ ಆಗಬೇಕಾದದ್ದು.

ಅವ್ವನಿಗೆ ಈ ಲೇಖನ ಓದಿ ತೋರಿಸಿದೆ. ಎಲ್ಲ ಕೇಳಿ, "ಗ್ಯಾಸಿಂದು ಕಮ್ಮಿ ಬರದೀ. ಹಂಚ್ ಕಾಯ್ಲಿಕ್ಕ ಹತ್ತೋದು ಲೆಕ್ಕಾನ ಹಿಡಿದಿಲ್ಲ" ಎಂದಳು. ತಿದ್ದಬೇಕೆಂದುಕೊಂಡೆ, ಆದರೆ ಹಾಗೇ ಬಿಟ್ಟಿದ್ದೇನೆ. ಭಾನುವಾರ ಮೂರು ಗಂಟೆಗೆ ಆಕೆಯೇ ಬಂದು ತಿದ್ದಲಿ. ನೀವೂ ಬನ್ನಿ, ಬರುವಾಗ ನಿಮ್ಮ ಮನೆಯವರನ್ನೂ ಕರೆತನ್ನಿ.